ಸಿಗಡಿ ಮುಟ್ಟಿದ ಚಾಕು

ನಮ್ಮ ಸುಶಿ ಹೋಟೆಲಿನ ಆ ಗಿರಾಕಿಗೆ ನಾವಿಟ್ಟ ಹೆಸರು ಪಾಟೀಸವಾಲು. ಮಗಳ ಕೈ ಹಿಡಿದು ಬಂದು ಕೌಂಟರಿನೆದುರು ಕೂತನೆಂದರೆ ಸಾಕು, ಅಡುಗೆಯವನ ಹುಬ್ಬು ಗಂಟಾಗುತ್ತದೆ. "ಈ ಚಾಕು ಸಿಗಡಿ ಮುಟ್ಟಿತ್ತಾ? ಹಲಗೆ ತೊಳೆದ್ರಾ? ಎಲ್ಲಿ, ನನ್ನೆದುರಿಗೇ ಇನ್ನೊಂದ್ಸಲ ತೊಳೀರಿ." ಅಡುಗೆಯವನು ಹಲ್ಲು ಕಚ್ಚಿಕೊಂಡು ತೊಳೆಯುತ್ತಾನೆ. ಸಾಸಿನ ಬಟ್ಟಲನ್ನು ದೀಪಕ್ಕೆ ಹಿಡಿದು ನೋಡುವುದೇನು, ಪಕ್ಕದವರ ತಟ್ಟೆಯನ್ನು ಮೊಣಕೈಯಿಂದ ಆಚೆ ತಳ್ಳುವುದೇನು! ಬಿಟ್ಟರೆ ಮೀನಿನ ಅಪ್ಪ ಅಮ್ಮ ಯಾರೆಂದೂ ಕೇಳಿಯಾನು. "ಇಷ್ಟು ಭಯ ಇದ್ರೆ ಮನೇಲೇ ತಿನ್ನಿಸಬಾರದಾ?" ಎಂದು ಒಮ್ಮೆ ನಾನೇ ರೇಗಿದ್ದೆ. "ಸಿಗಡಿ ಒಂದು ಇವಳಿಗೆ ಆಗಲ್ಲ, ಉಸಿರು ಕಟ್ಟುತ್ತೆ. ಆದ್ರೆ ಕ್ಲಾಸಿನೋರೆಲ್ಲ ಇಲ್ಲಿಗೆ ಬರ್ತಾರಲ್ಲ, ಇವಳಿಗೂ ಆಸೆ" ಎಂದ. ಮಗಳು ಸುಶಿ ಬಾಯಿಗಿಟ್ಟ ಕೂಡಲೇ ಅವನ ಮಾತು ನಿಂತುಹೋಗುತ್ತದೆ. ತನ್ನ ತಟ್ಟೆ ಮುಟ್ಟದೆ ಅವಳ ತುಟಿ, ಕತ್ತುಗಳನ್ನೇ ನೋಡುತ್ತಾ ಕೂರುತ್ತಾನೆ. ಬಲಗೈ ಕೋಟಿನ ಜೇಬಿನಿಂದ ಈಚೆ ಬರುವುದೇ ಇಲ್ಲ. ಅಲ್ಲೇನಿದೆಯೆಂದು ನನಗೆ ಗೊತ್ತಾದದ್ದು ಮೊನ್ನೆ. ಮಗಳು ಮೊದಲನೆಯದನ್ನು ನುಂಗಿ, ಅಪ್ಪನ ಕಡೆ ತಿರುಗಿ, "ನಂಗೇನೂ ಆಗಿಲ್ಲಪ್ಪಾ. ಆ ಇಂಜೆಕ್ಷನ್ ಬಿಟ್ಟು ನೀನೂ ತಿನ್ನು" ಎಂದಳು. ಮಗಳ ಮಾತು ಮೀರಲಾರದೆ ಅವನು ತಿಂದ, ಎಡಗೈಯಲ್ಲಿ.