ಚಿಮ್ನಿಯ ಕೆಳಗೆ ಕೂತ ಮಾವ

ಎದುರುಮನೆ ಮಾವನ ಉಗುರುಗಳ ಸಂದಿಯಲ್ಲಿ ಸದಾ ಹಳೆಯ ಮನೆಗಳ ಸುಣ್ಣವಿರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಗೋಡೆ ತಟ್ಟಿ, ಗಾರೆ ಕೆರೆದು, ಆಮೇಲೆ ಕಾಫಿಗೆ ಕೂರುವ ಮನುಷ್ಯ. ಮಂಗಳೂರಿನ ಹಳೇ ಬಂದರಿನ ಹಂಚಿನ ಗೋದಾಮುಗಳ ನಡುವೆ ಬೆಳೆದವರು, ಇಲ್ಲಿ ಭೂಕಂಪಗಳ ಊರಾದ ಓಕ್ಲ್ಯಾಂಡಿನ ಬಂದರಿನ ಹತ್ತಿರವೇ ಮನೆ ಮಾಡಿದ್ದರು. ಭಾನುವಾರ ಬಂದವರಿಗೆ ನಮ್ಮ ಬೀದಿಯ ಮರದ ಮನೆಗಳ ಕಥೆ ಹೇಳುತ್ತಿದ್ದರು. ಇದನ್ನು ಹಡಗಿನ ಕಪ್ತಾನ ಕಟ್ಟಿಸಿದ್ದು, ಅದರಲ್ಲಿ ಬಂದರಿನ ಕೂಲಿಗಳು ಬಾಡಿಗೆಗಿದ್ದದ್ದು. ಕೊನೆಯ ಮಾತು ಮಾತ್ರ ಯಾವಾಗಲೂ ಒಂದೇ: “ಚೆಂದ ಉಂಟು. ಆದ್ರೆ ಭೂಮಿ ಅಲುಗಿದ್ರೆ ಎಂತ ಮಾಡುದು?” ಮಹಾ ಪುಕ್ಕಲು. ಬೀದಿಯಲ್ಲಿ ದೊಡ್ಡ ಟ್ರಕ್ಕು ಹೋದರೂ ಬಾಗಿಲಾಚೆ ಓಡುತ್ತಿದ್ದರು. ನಾವು ನಗುತ್ತಿದ್ದೆವು.

ನಾವು ಬಾಡಿಗೆಗಿದ್ದದ್ದೂ ಅಂಥದೇ ಮನೆ. ಮೈಸೂರಿನಿಂದ ಬಂದ ಅಮ್ಮ, ನಡುಮನೆಯಲ್ಲಿ ಯಾರೂ ಬೆಂಕಿ ಹಾಕದ ಅಗ್ಗಿಷ್ಟಿಕೆಯ ಗೂಡು ನೋಡಿ, “ದೇವರಿಗೆ ಅಂತಲೇ ಕಟ್ಟಿಸಿದ ಹಾಗಿದೆ” ಎಂದು ಅಲ್ಲೇ ದೇವರನ್ನು ಕೂರಿಸಿಬಿಟ್ಟರು. ಅಮ್ಮ ಅದರ ಮುಂದೆ ಪೂಜೆಗೆ ಕೂತದ್ದನ್ನು ಕಂಡ ಮಾವ ಬಾಗಿಲಿಂದಲೇ ಕೂಗಿದರು.

“ಅಮ್ಮ, ಏಳಿ. ಮೊದಲು ಅಲ್ಲಿಂದ ಏಳಿ!”

ಗಾರೆಗೆ ಉಗುರು ತಾಗಿಸಿದರು. ಮರಳು ಸುರಿಯಿತು. “ಮೇಲೆ ಹೊಗೆ ಹೋಗುವ ಇಡೀ ಚಿಮ್ನಿ ಬರೀ ಇಟ್ಟಿಗೆ. ಹಿಡಿದುಕೊಳ್ಳಲಿಕ್ಕೆ ಒಂದು ಕಬ್ಬಿಣ ಇಲ್ಲ. ಸ್ವಲ್ಪ ಅಲುಗಿದ್ರೆ ನಿಮ್ಮ ತಲೆ ಮೇಲೆ ಬರ್ತದೆ.”

“ಕೂರಿಸಿದ ದೇವರನ್ನ ಎಬ್ಬಿಸಕ್ಕಾಗಲ್ಲ. ದೇವರ ಮುಂದೆ ಎಂಥ ಭಯ?” ಎಂದರು ಅಮ್ಮ.

ಭಯ ಹತ್ತಿದ್ದು ನನಗೆ. ಅಮ್ಮ ಆರತಿ ಎತ್ತುವಾಗ ನನ್ನ ಕಣ್ಣು ಸೀಲಿಂಗಿನ ಮೇಲೆ. ಎಷ್ಟು ಬೇಡಿಕೊಂಡರೂ ಅವರು ಜಗ್ಗಲಿಲ್ಲ.

ಮರುದಿನ ಬೆಳಿಗ್ಗೆ ಪೂಜೆಯ ಹೊತ್ತಿಗೆ ಮಾವ ಚಾಪೆ ಹಿಡಿದು ಬಂದು ಅಮ್ಮನ ಪಕ್ಕದಲ್ಲೇ ಕೂತರು, ಅದೇ ಚಿಮ್ನಿಯ ಕೆಳಗೆ. “ನನಗೆ ಹೆದರಿಕೆ ಆಗ್ತದೆ ಅಮ್ಮ. ಆದ್ರೆ ನೀವೊಬ್ರೇ ಇಲ್ಲಿ ಕೂತಿದ್ದೀರಿ ಅಂತ ಮನೆಯಲ್ಲಿ ನೆನೆಸಿದ್ರೆ ಇನ್ನೂ ಹೆದರಿಕೆ.” ಹಣೆಯೆಲ್ಲ ಬೆವರು. ಆಮೇಲೂ ದಿನಾ ಬಂದರು. ತೀರ್ಥಕ್ಕೆ ಅಂಗೈ ಒಡ್ಡಿದಾಗ ಬೀದಿಯಲ್ಲಿ ಟ್ರಕ್ಕು ಹೋದರೆ ಮೇಲೆ ನೋಡಿ ತೀರ್ಥ ನೆಲಕ್ಕೆ ಚೆಲ್ಲುತ್ತಿದ್ದರು, ಆದರೆ ಏಳುತ್ತಿರಲಿಲ್ಲ.

ಒಂದು ದಿನ ಅಮ್ಮನೇ ದೀಪ ಎತ್ತಿಕೊಂಡರು. “ಈ ಮನುಷ್ಯ ಭಯದಲ್ಲೇ ಹೋಗಿಬಿಡ್ತಾರೆ. ದೇವರು ಅಡುಗೆಮನೆಗೇ ಬರಲಿ.”

ಆ ಚಳಿಗಾಲದಲ್ಲೇ ಒಂದು ಬೆಳಿಗ್ಗೆ ಭೂಮಿ ನಡುಗಿತು. ನಾನೂ ಅಮ್ಮನೂ ಅಡುಗೆಮನೆಯ ಮೇಜಿನ ಕೆಳಗೆ ತಬ್ಬಿಕೊಂಡು ಕೂತಿದ್ದಾಗ ನಡುಮನೆಯಲ್ಲಿ ಏನೋ ಕುಸಿದ ಸದ್ದು. ಚಿಮ್ನಿ ಸೀಲಿಂಗ್ ಒಡೆದುಕೊಂಡು ಅವರಿಬ್ಬರೂ ಕೂರುತ್ತಿದ್ದ ಜಾಗದಲ್ಲೇ ಬಿದ್ದಿತ್ತು. ಮಾವ ಬರಿಗಾಲಲ್ಲಿ ಓಡಿ ಬಂದು, ಅಮ್ಮನ ಕೈ ಹಿಡಿದುಕೊಂಡು, ಮಗುವಿನಂತೆ ಅತ್ತರು.

ಹೋದ ವರ್ಷ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೈಸೂರಿಗೆ ವಾಪಸಾಗಿದ್ದ ಅಮ್ಮನಿಗೆ ಫೋನು ಮಾಡಿ ಹೇಳಿದೆ. ಅಮ್ಮ ಆಡಿದ ಮಾತು ನನಗಲ್ಲ, ದೇವರಿಗೆ.

“ಅವರಿಗೆ ಭಯ ಜಾಸ್ತಿ. ಪಕ್ಕದಲ್ಲೇ ಕೂತ್ಕೊಳಪ್ಪ.”