ಅಪ್ಪ ಕಾಲಿಡದ ರಾಜಾಜಿನಗರ

ನಾಯಂಡಹಳ್ಳಿಯಲ್ಲಿ ಬಸ್ಸು ಒಮ್ಮೆ ನಿಂತಿತೆಂದರೆ ಬೇಗ ಹೊರಡುವುದಿಲ್ಲ, ನಿಮಗೂ ಗೊತ್ತಿರುತ್ತದೆ. ಈ ಬೆಳಿಗ್ಗೆಯೂ ಹಾಗೆಯೇ ನಿಂತಿತ್ತು. ರಸ್ತೆ ಬದಿಯ ವರ್ಕ್‌ಶಾಪಿನಲ್ಲಿ ಯಾರೋ ಲೇತ್ ಮೆಷಿನ್ನಿನ ಮೇಲೆ ಕಬ್ಬಿಣ ಕಡೆಯುತ್ತಿದ್ದರು. ಕಾದ ಲೋಹವೂ ಸುಟ್ಟ ಎಣ್ಣೆಯೂ ಬೆರೆತ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಿಟಕಿಯ ಗಾಜನ್ನು ಇನ್ನಷ್ಟು ಸರಿಸಿದೆ. ಅದು ನನ್ನ ಅಪ್ಪನ ಅಂಗಿಯ ವಾಸನೆ.

ಅಪ್ಪ ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್ ಆಗಿದ್ದರು. ಸಂಜೆ ವಿಜಯನಗರದ ನಮ್ಮ ಮನೆಗೆ ಸೈಕಲ್ಲಿನಲ್ಲಿ ಬಂದವರೇ ಕೈ ತೊಳೆಯುವ ಮೊದಲು ನನ್ನನ್ನು ಎತ್ತಿಕೊಳ್ಳುತ್ತಿದ್ದರು. ಫ್ರಾಕಿಗೆ ಹತ್ತಿದ ಎಣ್ಣೆ ಕಲೆ ನೋಡಿ ಅಮ್ಮ ಗೊಣಗುತ್ತಿದ್ದಳು. ನಮ್ಮ ಮನೆಗೆ ನೆಂಟರೆಂದು ಯಾರೂ ಬರುತ್ತಿರಲಿಲ್ಲ. ಹಬ್ಬದ ದಿನ ಅಕ್ಕಪಕ್ಕದ ಬಾಗಿಲುಗಳಲ್ಲಿ ಚಪ್ಪಲಿಗಳ ರಾಶಿ ಬಿದ್ದಿದ್ದರೆ ನಮ್ಮ ಬಾಗಿಲಲ್ಲಿ ನಮ್ಮವೇ. "ನಮಗೆ ಯಾರೂ ಇಲ್ಲ ಕಣಮ್ಮ" ಎಂದು ಅಪ್ಪ ಹೇಳಿದ್ದರು. ಕೆಲವರಿಗೆ ಕಾರಿಲ್ಲ, ಕೆಲವರಿಗೆ ಫೋನಿಲ್ಲ, ನಮಗೆ ನೆಂಟರಿಲ್ಲ, ಅಷ್ಟೇ ಎಂದುಕೊಂಡಿದ್ದೆ. ಅಮ್ಮನಿಗೂ ತವರಿರಲಿಲ್ಲ; ನನ್ನ ಮದುವೆಯಲ್ಲಿ ಸೋದರಮಾವ ನಿಲ್ಲಬೇಕಾದ ಕಡೆಯೂ ಅಪ್ಪನೇ ಬಂದು ನಿಂತಿದ್ದರು.

ಇನ್ನೊಂದು ವಿಚಿತ್ರವಿತ್ತು. ಅಪ್ಪ ರಾಜಾಜಿನಗರಕ್ಕೆ ಹೋಗುತ್ತಿರಲಿಲ್ಲ. ಅಲ್ಲಿ ಒಳ್ಳೆಯ ಸೀರೆ ಅಂಗಡಿ ಆಗಿದೆಯಂತೆ ಎಂದು ಅಮ್ಮ ಆಸೆಯಿಂದ ಹೇಳಿದರೆ, "ಅಲ್ಲಿ ಬರೀ ಟ್ರಾಫಿಕ್ಕು" ಎಂದು ಚಿಕ್ಕಪೇಟೆಗೆ ಕರೆದೊಯ್ಯುತ್ತಿದ್ದರು. ಚಿಕ್ಕಪೇಟೆಯಲ್ಲಿ ಇಲ್ಲದ ಟ್ರಾಫಿಕ್ಕು! ಅಪ್ಪನ ಹಟ ಅಂಥದ್ದು. ನನ್ನ ಹಟವೂ ಏನು ಕಡಿಮೆಯಲ್ಲ. ಮದುವೆಯಾಗಿ ಕೆಂಗೇರಿ ಉಪನಗರಕ್ಕೆ ಬಂದ ಹೊಸದರಲ್ಲಿ ಗಂಡನೊಡನೆ ಜಗಳವಾದಾಗಲೆಲ್ಲ, "ಇದು ನಮ್ಮಪ್ಪನ ರಕ್ತ, ಬಗ್ಗಲ್ಲ" ಎಂದು ಎದೆ ಸೆಟೆಸಿ ಹೇಳುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ.

ಅಪ್ಪ ತೀರಿಕೊಂಡಾಗ ಅಮ್ಮ ಹೇಳಿದ್ದು ಒಂದೇ ಮಾತು: "ಪೇಪರಲ್ಲೆಲ್ಲ ಹಾಕಿಸ್ಬೇಡ್ವೋ ಶಶಿ." ಶಶಿ ನನ್ನ ತಮ್ಮ. ನನಗಿಂತ ಒಂಬತ್ತು ವರ್ಷ ಚಿಕ್ಕವನು. ದುಃಖದಲ್ಲಿ ಏನೋ ಹೇಳುತ್ತಿದ್ದಾಳೆಂದು ನಾವು ಸುಮ್ಮನಾದೆವು. ಮೂರು ವರ್ಷದ ಮೇಲೆ ಅಮ್ಮನೂ ಹೋದಾಗ, ಬೇಡವೆನ್ನಲು ಯಾರೂ ಉಳಿದಿರಲಿಲ್ಲ. ಶಶಿ ಇಬ್ಬರ ಫೋಟೋವನ್ನೂ ಸೇರಿಸಿ, ಮನೆಯ ವಿಳಾಸದೊಂದಿಗೆ, ಪತ್ರಿಕೆಯಲ್ಲಿ ಶ್ರದ್ಧಾಂಜಲಿ ಹಾಕಿಸಿದ.

ಅಮ್ಮನ ಶಿವಗಣಾರಾಧನೆಯ ದಿನ, ಮೊದಲ ಪಂಕ್ತಿ ಎದ್ದು ಎಲೆ ತೆಗೆಯುತ್ತಿದ್ದ ಹೊತ್ತಿಗೆ, ಹಣೆಗೆ ವಿಭೂತಿ ಧರಿಸಿದ್ದ ಒಬ್ಬ ಮುದುಕಿ ಗೇಟು ತೆರೆದುಕೊಂಡು ಬಂದರು. ನನ್ನ ಕೈಯಲ್ಲಿದ್ದ ಪಾಯಸದ ಬಕೆಟ್ಟನ್ನು ಅಲ್ಲೇ ಕೆಳಗಿಟ್ಟೆ. ಅಪ್ಪನ ಮುಖ! ಅದೇ ಗಲ್ಲ, ಅದೇ ಒಂದು ಬದಿಗೆ ವಾಲಿದ ಮೂಗು, ಹೆಣ್ಣಿನ ಮೈಮೇಲೆ.

ಆಕೆ ಶಶಿಯ ಕೆನ್ನೆ ಹಿಡಿದು, "ಅವನ ಥರಾನೇ ಇದೀಯಲ್ಲೋ ಮಗನೇ" ಎಂದು ಅಳತೊಡಗಿದರು. "ನಾನು ನಿಮ್ಮಪ್ಪನ ಅಕ್ಕ ಕಣೋ, ಗಿರಿಜ. ರಾಜಾಜಿನಗರದಲ್ಲೇ ಇದೀನಿ. ನನ್ನ ತಮ್ಮ ಹೋಗಿ ಮೂರು ವರ್ಷ ಆಯ್ತು ಅನ್ನೋದು ನಂಗೆ ಪೇಪರ್ ನೋಡಿ ಗೊತ್ತಾಗ್ಬೇಕಾ?"

ನಾವು ಕುರ್ಚಿ ಕೊಟ್ಟೆವು, ನೀರು ಕೊಟ್ಟೆವು. ನೀರು ಕುಡಿದು ಆಕೆ ಹೇಳಿದರು:

"ಗಂಡ ಸತ್ತಿರೋ ಹುಡುಗೀನ ಮದ್ವೆ ಆಗ್ತೀನಿ ಅಂದ. ನಮ್ಮಪ್ಪ ಅದಕ್ಕೂ ಹೂಂ ಅಂದ್ರು. ಅವಳಿಗಿದ್ದ ಮಗೂನ ಮಾತ್ರ ಸತ್ತೋನ ತಾಯಿ ಹತ್ರ ಬಿಟ್ಟು ಬಾ ಅಂದ್ರು. ನಾನೂ ಹಾಗೇ ಅಂದೆ. ಅವನು ಮಗು ಎತ್ಕೊಂಡು ಮೆಟ್ಟಿಲು ಇಳಿದೋನು ತಿರುಗಿ ಬರ್ಲೇ ಇಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ಆ ಹೆಣ್ಣು ಮಗು ಎಲ್ಲಮ್ಮ? ಚೆನ್ನಾಗಿದಾಳಾ?"

ನಂಬುತ್ತೀರೋ ಇಲ್ಲವೋ, ಆ ಮಗು ಎಲ್ಲಿದೆಯೆಂದು ನಾನೂ ತಲೆಯೆತ್ತಿ ಸುತ್ತ ನೋಡಿದೆ. ಶಶಿ ಮಾತ್ರ ನನ್ನನ್ನೇ ನೋಡುತ್ತಿದ್ದ.

ಆಮೇಲೆ ಯಾರು ಏನು ಮಾತಾಡಿದರೆಂದು ನೆನಪಿಲ್ಲ. ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದೆ. ಹೆಸರು ಗೊತ್ತಿಲ್ಲದ, ಮುಖ ಗೊತ್ತಿಲ್ಲದ ಯಾರೋ ಒಬ್ಬರು ನನ್ನ ಹೆತ್ತ ತಂದೆ. ಹಾಗಾದರೆ ನನ್ನ ಹಟ ಯಾರದು? ಶಶಿ ಬಂದು ಪಕ್ಕದಲ್ಲಿ ನಿಂತ.

"ನಿಂಗೆ ಗೊತ್ತಿತ್ತೇನೋ?" ಎಂದೆ.

"ಇಲ್ಲ ಕಣೇ, ದೇವರಾಣೆ." ಕಲ್ಲಿನ ಅಂಚಿಗೆ ಕುಳಿತು, "ಅಮ್ಮ ಒಂದ್ಸಲ ಹೇಳಿದ್ರು. ಎರಡನೇ ಮಗು ಈಗ್ಲೇ ಬೇಡ, ಇವಳಿಗೆ ಬುದ್ಧಿ ತಿಳೀಲಿ, ಅಪ್ಪ ನನ್ನೋರು ಅನ್ನೋದು ಗಟ್ಟಿ ಆಗ್ಲಿ ಅಂತ ಅಪ್ಪ ಅಂದಿದ್ರಂತೆ. ನನಗಾಗ ಅರ್ಥ ಆಗಿರ್ಲಿಲ್ಲ," ಎಂದ. ಆಮೇಲೆ ಅವನು ಅತ್ತುಬಿಟ್ಟ. ನಮ್ಮಿಬ್ಬರ ನಡುವಿನ ಅಷ್ಟು ವರ್ಷಗಳ ಅಂತರವನ್ನು ನಾನು ಎಷ್ಟು ಸಲ ತಮಾಷೆ ಮಾಡಿದ್ದೆನೋ.

ಗಿರಿಜಮ್ಮ ಮನೆಗೆ ಬಾ ಎಂದು ಫೋನು ಮಾಡುತ್ತಲೇ ಇದ್ದರು. ನಾನು ಹೋಗಲಿಲ್ಲ. ಅಪ್ಪ ಬಿಟ್ಟು ಬಂದ ಮನೆಗೆ ಹೋದರೆ ಅಪ್ಪನಿಗೆ ಎರಡು ಬಗೆದಂತೆ ಎನಿಸುತ್ತಿತ್ತು. ಅಪ್ಪನ ಮೇಲೆ ಕೋಪವೂ ಇತ್ತು, ಹೇಳದೆ ಹೋದದ್ದಕ್ಕೆ. ಆದರೆ ಆ ಮೆಟ್ಟಿಲುಗಳನ್ನು ನೋಡಬೇಕೆಂಬ ಆಸೆ ಬಿಡಲಿಲ್ಲ. ಅದಕ್ಕೇ ಈ ಬೆಳಿಗ್ಗೆ ಗಂಡನಿಗೂ ಹೇಳದೆ ಬಸ್ಸು ಹತ್ತಿದ್ದೆ.

ರಾಜಾಜಿನಗರದ ಹಳೆಯ ಮನೆ. ಕೆಂಪು ಗಾರೆಯ ಮೆಟ್ಟಿಲು. ನಾನು ಗೇಟಿನೊಳಗೆ ಬಂದವಳು ಅಲ್ಲೇ ನಿಂತುಬಿಟ್ಟೆ. ಗಿರಿಜಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು.

"ಅಲ್ಲೇ ನಿಂತ್ಯಲ್ಲ, ಒಳಗೆ ಬಾ ತಾಯಿ."

"ಅಪ್ಪ ಎಲ್ಲಿ ನಿಂತಿದ್ರು?"

ಆಕೆ ಬೆರಳು ತೋರಿಸಿದರು. ಬಾಗಿಲಿನಿಂದ ಒಂದೇ ಮೆಟ್ಟಿಲು ಕೆಳಗೆ. "ಇಲ್ಲೇ. ನೀನು ಅವನ ಹೆಗಲ ಮೇಲೆ ನಿದ್ದೆ ಮಾಡ್ತಿದ್ದೆ. ನಮ್ಮಪ್ಪ ಬೀದಿಗೆ ಕೇಳೋ ಹಾಗೆ ಕೂಗಾಡ್ತಿದ್ರು. ನಿಂಗೆ ಏನೇನೋ ಅಂದ್ರು. ಇವನು ತಿರುಗಿ ಒಂದು ಮಾತಾಡ್ಲಿಲ್ಲ. ನಿನ್ನ ಕಿವಿ ಮೇಲೆ ಕೈ ಮುಚ್ಚಿ ಹಿಡ್ಕೊಂಡು ನಿಂತಿದ್ದ."

ನಾನು ಹೋಗಿ ಆ ಮೆಟ್ಟಿಲಿನ ಮೇಲೆ ಕುಳಿತೆ. ಗಿರಿಜಮ್ಮ ಮಂಡಿ ಹಿಡಿದುಕೊಂಡು ಮೆಲ್ಲಗೆ ನನ್ನ ಪಕ್ಕ ಕುಳಿತರು. ಬೀದಿಯಲ್ಲಿ ಹೂವಿನವಳು ಕೂಗುತ್ತಾ ಹೋದಳು. ಆ ದನಿ ದೂರವಾಗುವವರೆಗೂ ಕಾದು, ನಾನು ಅವರ ಕೈ ಹಿಡಿದುಕೊಂಡೆ.

"ನಿಮ್ಮಪ್ಪ ಏನಂದ್ರು ಅತ್ತೆ? ಎಲ್ಲಾ ಹೇಳಿ. ಈಗ ಕೇಳಿಸ್ಕೋತೀನಿ."