ಶಾಲೆಯ ಮೈಕಿನಲ್ಲಿ ಮನೆಯ ಸುದ್ದಿ

ನಮ್ಮೂರಿನ ಶಾಲೆಗೆ ಊರ ಹುಡುಗರು ಪಟ್ಟಿ ಎತ್ತಿ, ಹಣ ಕೂಡಿಸಿ ಮೈಕ್ ಸೆಟ್ ಕೊಡಿಸಿದರು. ಕೊಡಿಸಿದ್ದು ಒಳ್ಳೆಯದೇ, ಆದರೆ ಅದರ ಹಾರ್ನನ್ನು ಮಾಳಿಗೆಯ ಮೇಲೆ ಊರಿನ ಕಡೆಗೇ ಮುಖ ಮಾಡಿ ಕಟ್ಟಿದರು. ಆಗ ಗಜೇಂದ್ರಗಡದಿಂದ ಹೊಸ ಅಕ್ಕೋರು ಬಂದಿದ್ದರು. ಶಿಕ್ಷಕಿಯರನ್ನು ನಾವು ಕರೆಯುವುದೇ ಹಾಗೆ. ಮಕ್ಕಳ ನಾಚಿಕೆ ಬಿಡಿಸಬೇಕೆಂದು ಅವರೊಂದು ಪದ್ಧತಿ ಶುರು ಮಾಡಿದರು. ದಿನಾ ಪ್ರಾರ್ಥನೆ ಮುಗಿದ ಮೇಲೆ ಒಂದು ಮಗು ಮೈಕಿನ ಮುಂದೆ ನಿಂತು ‘ನಮ್ಮ ಮನೆಯ ಸುದ್ದಿ’ ಹೇಳಬೇಕು.

ಮೊದಮೊದಲು ಎಮ್ಮೆ ಕರು ಹಾಕಿದ್ದು, ಸೋದರಮಾವ ಬಂದದ್ದು, ಇಂಥವೇ ಬಂದವು. ಮಕ್ಕಳಿಗೆ ಧೈರ್ಯ ಬಂದಂತೆ ಸುದ್ದಿಗೂ ರುಚಿ ಬಂತು. “ನಿನ್ನೆ ನಮ್ಮಪ್ಪ ಸಿಟ್ಟಿಲೆ ಉಣ್ಣದ ಮಲಗಿದ್ದ. ಆಮ್ಯಾಲೆ ಎದ್ದು ತಾನ ಹಾಕ್ಕೊಂಡು ಉಂಡ” ಎಂದು ಪುಟ್ಟ ಹುಡುಗಿಯೊಬ್ಬಳು ಹೇಳಿದ ದಿನ ಅವಳಪ್ಪ ಕತ್ತಲಾಗುವವರೆಗೆ ಹೊಲ ಬಿಟ್ಟು ಬರಲಿಲ್ಲ. ನಾವು ಹೆಂಗಸರು ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಕೊಡ ಹಿಡಿದು ನಳದ ಹತ್ತಿರ ಸೇರುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನೇ.

ಮುಂದಿನ ಸರದಿ ನಾಲ್ಕನೆಯ ತರಗತಿಯದು ಎಂದು ತಿಳಿದಾಗ ನನ್ನ ನಗು ನಿಂತಿತು. ನನ್ನ ಮಗಳು ಅದೇ ತರಗತಿಯಲ್ಲಿದ್ದಳು, ಮತ್ತು ನಮ್ಮ ಮನೆಯಲ್ಲಿ ಒಂದು ಸುದ್ದಿ ಇತ್ತು.

ತವರೂರು ಕೊಣ್ಣೂರಿನಲ್ಲಿದ್ದಾಗ ನಾನು ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾಗಿದ್ದೆ. ಆಮೇಲೆ ಮದುವೆ, ಮಗಳು, ಹೊಲ, ಮನೆ. ಇಷ್ಟು ವರ್ಷಗಳ ಮೇಲೆ ಮತ್ತೆ ಪರೀಕ್ಷೆಗೆ ಕಟ್ಟಿದ್ದೆ. ಅದು ಗೊತ್ತಿದ್ದವರು ಗಂಡ ಮತ್ತು ಮಗಳು ಮಾತ್ರ. ಫಾರ್ಮ್ ತುಂಬಲು ರೋಣಕ್ಕೆ ಹೋದ ದಿನ ಅತ್ತೆಗೆ ದವಾಖಾನೆ ಎಂದು ಹೇಳಿದ್ದೆ. ಸಂಜೆ ನಾನು ರೊಟ್ಟಿ ಬಡಿಯುವಾಗ ಮಗಳು ಲೆಕ್ಕ ಓದಿ ಹೇಳುತ್ತಿದ್ದಳು, ನಾನು ಬಿಡಿಸುತ್ತಿದ್ದೆ. ಕಟ್ಟೆಯ ಮೇಲೆ ಕುಳಿತ ಅತ್ತೆ, “ಎಷ್ಟ ಓದಸ್ತಿ ಕೂಸಿಗೆ, ಸಾಕ ಬಿಡು” ಎನ್ನುತ್ತಿದ್ದರು. ಮತ್ತೆ ನಪಾಸಾದರೆ ಯಾರಿಗೂ ಗೊತ್ತಾಗದ ಹಾಗೆ ನಪಾಸಾಗಬೇಕು, ಅಷ್ಟೇ ನನ್ನ ಆಸೆ. ಮೊದಲ ಸಲ ಇಡೀ ಓಣಿ ಮನೆಗೆ ಬಂದು ಸಮಾಧಾನ ಹೇಳಿತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಸಮಾಧಾನ ತಡೆದುಕೊಳ್ಳಲು ಆಗಿರಲಿಲ್ಲ.

ಶಾಲೆಗೆ ಹೋಗಿ ಅಕ್ಕೋರನ್ನು ಕೇಳಿದೆ, “ನನ್ನ ಮಗಳ ಪಾಳಿ ಒಂದ ಬಿಟ್ಟಬಿಡ್ರಿ.”

“ಯಾಕ್ರಿ? ಏನರ ತೊಂದರಿ ಐತೇನ್ರಿ ಮನ್ಯಾಗ?”

“ಅದನ್ನ ಹೇಳೂ ಹಂಗಿದ್ರ ನಾ ಯಾಕ ಬರತಿದ್ನಿರಿ?”

ಅವರು ನಕ್ಕರು. ಒಳ್ಳೆಯ ಹೆಣ್ಣುಮಗಳು, ಮಕ್ಕಳೆಂದರೆ ಜೀವ. “ಹುಡುಗ್ರನ್ನ ಅಂಜದ ಮಾತಾಡಾಕ ಹಚ್ಚೂದು ನನ್ನ ಜವಾಬ್ದಾರಿ ಅಲ್ಲೇನ್ರಿ? ಒಬ್ಬರಿಗೆ ಬಿಟ್ರ ಎಲ್ಲಾರೂ ಬ್ಯಾಡ ಅಂತಾರ.”

“ಮಾತಾಡಲ್ರಿ. ಆದ್ರ ಮನಿ ಬಾಗಲಾ ಎಷ್ಟ ತಗೀಬೇಕು ಅನ್ನೂದು ನಮ್ಮ ಜವಾಬ್ದಾರಿರಿ” ಎಂದೆ. ನನ್ನ ದನಿ ಏರಿತ್ತು. ಅವರ ಮುಖ ಸಣ್ಣದಾಯಿತು. ನಾನು ಅಲ್ಲಿ ನಿಲ್ಲದೆ ಬಂದುಬಿಟ್ಟೆ.

ಮಗಳಿಗೆ ಹೇಳಬೇಡ ಎನ್ನಬಹುದಿತ್ತು. ಆದರೆ ಏನೋ ತಪ್ಪು ಕೆಲಸ ಮಾಡುತ್ತಿರುವವಳ ಹಾಗೆ ಮಗುವಿನ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ಅವಳ ಸರದಿಯ ದಿನ ಜಡೆ ಹಾಕುತ್ತ, “ಏನ ಹೇಳ್ತಿ ಇವತ್ತ?” ಎಂದು ಮಾತ್ರ ಕೇಳಿದೆ.

“ಇನ್ನಾ ವಿಚಾರ ಮಾಡಾಕತ್ತೀನಿ” ಎಂದಳು ಮಹಾರಾಯಿತಿ.

ಅಂದು ನಳಕ್ಕೆ ಹೋಗಲಿಲ್ಲ. ಹಿತ್ತಲಲ್ಲಿ ನಿಂತೇ ಕೇಳಿದೆ. ಹಾರ್ನು ಗರಗರ ಎಂದಿತು, ಆಮೇಲೆ ನನ್ನ ಮಗಳ ದನಿ ಬಂತು. “ನಮ್ಮ ಮನ್ಯಾಗ ಒಂದ ಸುದ್ದಿ ಐತ್ರಿ. ಭಾಳ ಚಲೋ ಸುದ್ದಿ. ಆದ್ರ ಅದು ನಮ್ಮವ್ವನ ಸುದ್ದಿರಿ. ಹೇಳೂದಿದ್ರ ಅಕಿನ ಹೇಳ್ತಾಳ. ನನ್ನ ಸುದ್ದಿ ಅಂದ್ರ, ನನ್ನ ಹಲ್ಲ ಅಳ್ಳಾಡಾಕತ್ತೈತಿ.”

ನನಗೆ ಅವಳನ್ನು ಹೋಗಿ ಎತ್ತಿಕೊಳ್ಳಬೇಕೆನಿಸಿತು. ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಆದರೆ ಊರು ಬಿಡಬೇಕಲ್ಲ. ಹೆಂಗಸಿನ ಚಲೋ ಸುದ್ದಿ, ಮೇಲೆ ರೋಣದ ದವಾಖಾನೆ. ಮಧ್ಯಾಹ್ನದೊಳಗೆ ನಾನು ಬಸುರಿಯಾದೆ. ಪಕ್ಕದ ಮನೆಯಿಂದ ಹುಳಿಹುಳಿ ಪುಂಡಿಪಲ್ಯೆ ಬಂತು. ಅಲ್ಲ ಎಂದರೆ ನಾಚಿಕೆ ಎಂದರು, ಸುಮ್ಮನಿದ್ದರೆ ಹೌದು ಎಂದರು. ಅತ್ತೆ ಬಾಯಿಬಿಟ್ಟು ಏನೂ ಕೇಳಲಿಲ್ಲ, ನನ್ನ ಕೈಯ ಕೊಡ ಮಾತ್ರ ಕಸಿದುಕೊಂಡರು.

ಅಕ್ಕೋರು ಸಂಜೆ ಮನೆಗೆ ಬಂದರು. ಇನ್ನು ಮೇಲೆ ಸುದ್ದಿಯನ್ನು ತರಗತಿಯ ಒಳಗೇ, ಮೈಕಿಲ್ಲದೆ ಹೇಳಿಸುವುದಾಗಿಯೂ, ಏನು ಹೇಳಬೇಕೆಂದು ಮಕ್ಕಳು ಮನೆಯಲ್ಲಿ ಮೊದಲು ಕೇಳಿಕೊಂಡು ಬರಬೇಕೆಂದೂ ಹೇಳಿದರು. ಚಹಾ ಕುಡಿದರು. ನನ್ನ ಸುದ್ದಿ ಏನೆಂದು ಅವರು ಕೇಳಲಿಲ್ಲ, ಅದರಿಂದಲೇ ನನ್ನ ಸಿಟ್ಟು ಪೂರ್ತಿ ಇಳಿಯಿತು. ಮೈಕಿನ ಸುದ್ದಿ ಬಂದ್ ಆದದ್ದಕ್ಕೆ ನಳದ ಹೆಂಗಸರು ಮಾತ್ರ ವಾರಗಟ್ಟಲೆ ಗೊಣಗಿದರು.

ಬಸುರಿಯೆಂದು ಮನೆಗೆಲಸ ತಪ್ಪಿದ್ದರಿಂದ ನನಗೆ ಓದಲು ಸಮಯ ಸಿಕ್ಕಿತು. ಹೀಗೇ ನಡೆಯಲಿ ಎಂದು ಆಸೆಯೂ ಆಯಿತು. ಆದರೆ ಒಂದು ದಿನ ಅತ್ತೆ ತಮ್ಮ ಮೆತ್ತನೆಯ ಹಳೆಯ ಸೀರೆಗಳನ್ನು ಹರಡಿಕೊಂಡು, ಹುಟ್ಟುವ ಕೂಸಿಗೆಂದು ಕೌದಿ ಹೊಲಿಯಲು ಕುಳಿತದ್ದನ್ನು ನೋಡಿ ಹೋಗಿ ಅವರ ಕೈ ಹಿಡಿದೆ.

“ಅತ್ತಿ, ಹೊಲೀಬ್ಯಾಡ್ರಿ. ಊರಾಗ ಅನ್ನೂದು ಖರೇ ಅಲ್ರಿ” ಎಂದು ಎಲ್ಲವನ್ನೂ ಹೇಳಿದೆ.

ಅವರು ಸೂಜಿ ಕೆಳಗಿಟ್ಟರು. “ಮಗನಿಗೆ ಗೊತ್ತು, ಮೊಮ್ಮಗಳಿಗೆ ಗೊತ್ತು. ನಾ ಏನ ಸಾಲಿ ಮ್ಯಾಗಿನ ಮೈಕ್ ಏನು?” ಎಂದರು. ನನಗೆ ಅಳು ಬಂತು. ಊರಿನಿಂದ ಮುಚ್ಚಿಡುವ ಭರದಲ್ಲಿ ಇವರನ್ನೂ ಊರಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಅವರು ಮತ್ತೆ ಸೂಜಿ ಎತ್ತಿಕೊಂಡು, “ಕೌದಿ ಅಂತೂ ಹೊಲೀತೀನಿ. ನೀ ಅದರ ಮ್ಯಾಲ ಕುಂತು ಓದು” ಎಂದರು. ಪರೀಕ್ಷೆ ಮುಗಿಯುವವರೆಗೆ ಕೊಡ ಮಾತ್ರ ಮುಟ್ಟಗೊಡಲಿಲ್ಲ.

ಪರೀಕ್ಷೆಯ ದಿನ ಅವರೂ ನನ್ನ ಜೊತೆ ಹೊರಟರು. ರೋಣದ ಬಸ್ಸಿಗೆ ಕಾಯುತ್ತ ನಿಂತಾಗ ಓಣಿಯ ಹೆಂಗಸರು ಸುತ್ತ ಸೇರಿ ಕೇಳಿದರು, “ಅತ್ತಿ ಸೊಸಿ ಕೂಡೇ ಹೊಂಟೀರಿ, ದವಾಖಾನಿಗೇನ್ರಿ?”

ಅತ್ತೆ ನನ್ನತ್ತ ಒಮ್ಮೆ ನೋಡಿದರು. ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. “ಸೊಸಿ ಕೆಲಸ ಐತಿ. ಅಕಿನ್ನ ಕೇಳ್ರಿ” ಎಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಲೇಬೇಕೆಂದೇನೂ ಇರಲಿಲ್ಲ, ಬಹುಶಃ ಅದಕ್ಕೇ ಬಾಯಿ ಬಂತು. “ಪರೀಕ್ಷಾಕ ಹೊಂಟೀನ್ರಿ. ಹತ್ತನೇತ್ತೆ ಗಣಿತ. ಹಿಂದ ಒಮ್ಮೆ ನಪಾಸಾಗಿತ್ತು.”

ಯಾರೂ ಮಾತಾಡುವ ಮೊದಲೇ ಬಸ್ಸು ಬಂತು, ತುಂಬಿ ತುಳುಕುತ್ತಿತ್ತು. ಅತ್ತೆ ಮೊಣಕೈಯಿಂದ ದಾರಿ ಮಾಡಿಕೊಂಡು ಮುಂದಿನ ಸೀಟಿನ ತನಕ ಹೋಗಿ, ಅಲ್ಲಿ ಕುಳಿತಿದ್ದವನಿಗೆ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು, “ಏಳಪಾ, ಜಾಗಾ ಬಿಡು. ನನ್ನ ಸೊಸಿ ಪರೀಕ್ಷಾ ಬರಿಯಾಕಿ ಅದಾಳ.”